ಗೋಣಿ ಹಾಸಿದ ಮೇಜು

ಅಕ್ಟೋಬರ್ 27, ಶನಿವಾರ

ಲುಡ್ವಿಕ್ ಹೋಗಿಬಿಟ್ಟ. ಇವತ್ತು ಬೆಳಿಗ್ಗೆ, ನನ್ನ ತೋಟದ ಮನೆಯ ಮೆಟ್ಟಿಲ ಮೇಲೆ, ನನ್ನ ಕಣ್ಣೆದುರಿಗೇ. ಒಂದೇ ಬಸ್ಸು ಓಡಿಸಿದವರು ನಾವು. ಅವನದು ಬೆಳಗಿನ ಪಾಳಿ, ನನ್ನದು ಸಂಜೆಯ ಪಾಳಿ. ಒಂದೇ ಸೀಟು ಇಬ್ಬರ ಬೆನ್ನಿಗೂ ಒಗ್ಗಿತ್ತು. ಬರೆಯಲು ಕೈ ಏಳುತ್ತಿಲ್ಲ.

ಎದ್ದಿತು. ಅವನು ಸತ್ತಿಲ್ಲ. ನನ್ನ ದಿನಚರಿಗೇ ನಾನು ಟೋಪಿ ಹಾಕಿದರೆ ಏನು ಲಾಭವೋ ಗೊತ್ತಿಲ್ಲ, ಅಭ್ಯಾಸಬಲ. ನಡೆದದ್ದು ಇಷ್ಟೇ: ಲುಡ್ವಿಕ್ ಮೆಟ್ಟಿಲ ಮೇಲೆ ಸೀನಿದ, ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದ. ಇಸ್ತ್ರಿ ಹಾಕಿದ್ದು, ನಾಲ್ಕು ಮಡಿಕೆಯದ್ದು, ಅಂಚಿಗೆ ನೀಲಿ ಗೆರೆ ಇದ್ದದ್ದು. ಜೀವಮಾನವಿಡೀ ತೋಳಿಗೆ ಮೂಗು ಒರೆಸಿದ ಮನುಷ್ಯ! ನನ್ನ ಪಾಲಿಗೆ ಹೋದ ಹಾಗೆಯೇ ಲೆಕ್ಕ.

ಇದೆಲ್ಲ ಆ ವೆಲೆನ್ಯೆಯವಳ ಕೆಲಸ. ಮಂಡಿನೋವಿಗೆ ಬಿಸಿನೀರಿನ ಸ್ನಾನಕ್ಕೆಂದು ಹೋದವನು ಮಂಡಿಯನ್ನು ಹಾಗೇ ಬಿಟ್ಟು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಆಗಸ್ಟಿನಿಂದ ಅವನ ಮನೆಯಲ್ಲೇ ಇದ್ದಾಳೆ. ಒತಿಲಿಯಾ ಎಂದು ಹೆಸರು, ತಿಲ್ಕಾ ಎನ್ನಬೇಕಂತೆ. ವೆಲೆನ್ಯೆ ಎಂಬ ಕಲ್ಲಿದ್ದಲ ಊರಿನವಳು, ದೊಡ್ಡ ಅಂಗಡಿಯ ಗಾಜಿನ ಕಿಟಕಿ ಸಿಂಗರಿಸಿಯೇ ಮುದುಕಿಯಾದವಳು.

ಮೂಗು ಒರೆಸಿಕೊಂಡು ಲುಡ್ವಿಕ್ ಹೇಳಿದ: "ಈ ಸಲ ಮಾರ್ಟಿನ್ ಹಬ್ಬಕ್ಕೆ ಮೇಜು ತಿಲ್ಕಾ ಸಿಂಗಾರ ಮಾಡ್ತಾಳಂತೆ ಕಣೋ ಯೆರ್ನೆ."

"ಯಾಕೆ, ಮೇಜಿಗೆ ಮದ್ವೆಯಾ?"

"ತಮಾಷೆ ಬೇಡ."

"ನಾಲ್ಕು ಕಾಲಿದೆ ಪಾಪ ಅದಕ್ಕೆ, ಈಗ್ಲೇ ಓಡಿಹೋಗು ಅಂತ ಹೇಳ್ತೀನಿ."

"ಆಯ್ತು ಅನ್ನೋ ಒಂದ್ಸಲ."

ಆಯ್ತು ಅಂದೆ. ನವೆಂಬರ್ ಹನ್ನೊಂದರ ಹೊಸ ವೈನಿನ ಹಬ್ಬ, ಹುರಿದ ಹೆಬ್ಬಾತಿನ ಊಟ ಪ್ರತಿ ವರ್ಷ ನನ್ನಲ್ಲೇ. ಮೇಜು ನನ್ನದು, ಮನೆ ನನ್ನದು, ಅಂದವನೂ ನಾನೇ. ಥೂ.

ಅಕ್ಟೋಬರ್ 30, ಮಂಗಳವಾರ

ಅವಳು ಅಳತೆ ಪಟ್ಟಿ ತಂದಿದ್ದಳು. ನನ್ನ ಅಕ್ರೋಟು ಮರದ ಮೇಜನ್ನು ದರ್ಜಿ ಹೆಣ್ಣನ್ನು ಅಳೆದ ಹಾಗೆ ಅಳೆದಳು. "ಪ್ರತಿ ವರ್ಷ ಏನು ಹಾಸ್ತಿದ್ರಿ ಯೆರ್ನೆಯವರೇ?" ಎಂದು ಕೇಳಿದಳು.

"ಪೇಪರು."

"ಕಾಗದದ ಹಾಸಾ? ಯಾವ ಬಣ್ಣದ್ದು?"

"ಹೋದ ವಾರದ್ದು. ಸಾವಿನ ಸುದ್ದಿ ಪುಟ ಪೋಲ್ಡೆಯ ತಟ್ಟೆ ಕೆಳಗೆ, ಆಟದ ಪುಟ ಲುಡ್ವಿಕ್ ಕೆಳಗೆ. ತಿಂದಾದ್ಮೇಲೆ ಮೂಳೆ ಸಮೇತ ಸುತ್ತಿ ಒಲೆಗೆ ಹಾಕ್ತೀವಿ. ತೊಳೆಯೋದಿಲ್ಲ, ಬಳಿಯೋದಿಲ್ಲ."

ಅವಳ ಮುಖ ನೋಡಬೇಕಿತ್ತು. ಅಸಹ್ಯ ಎಂದರೆ ಏನು ಎಂದು ನಾಲ್ಕು ಜನಕ್ಕೆ ಕಲಿಸುವಂಥ ಮುಖ. ನಮ್ಮ ಮೇಜು ನೋಡಿ ಅವಳಿಗೆ ಹೇಸಿಗೆ, ಅವಳ ಅಳತೆ ಪಟ್ಟಿ ನೋಡಿ ನನಗೆ. ಇಬ್ಬರಿಗೂ ಸಮ ಆಯಿತು.

ನವೆಂಬರ್ 2, ಶುಕ್ರವಾರ

ನಿನ್ನೆ ಸಮಾಧಿಗಳಿಗೆ ದೀಪ ಹಚ್ಚಿ ಬಂದೆವು. ಇವತ್ತು ಲುಡ್ವಿಕ್ ಒಬ್ಬನೇ ಬಂದ. ಒಳಗೆ ಬರಲಿಲ್ಲ, ಪೀಪಾಯಿ ಮೇಲೆ ಕೂತ.

"ಯೆರ್ನೆ, ಒಂದು ಮಾತು ಹೇಳ್ತೀನಿ, ನಗಬಾರದು."

"ನಗಬಾರದ್ದು ಹೇಳ್ಬೇಡ ಹಾಗಾದ್ರೆ."

"ಮೂರು ತಿಂಗಳಾಯ್ತು ಅವಳು ಬಂದು. ಈ ಗುಡ್ಡದಲ್ಲಿ ಯಾರೂ ಅವಳನ್ನ ಒಳಗೆ ಬಾ ಅಂದಿಲ್ಲ. ಅಂಗಡಿಯಲ್ಲಿ ವೆಲೆನ್ಯೆಯವಳು ಅಂತಾರೆ. ಅವಳಿಗೊಂದು ಹೆಸರಿದೆ ಅಂತ ಯಾರಿಗೂ ಗೊತ್ತಿಲ್ಲ."

ನಾನು ಮೆಟ್ಟಿಲ ಮೇಲಿನ ಒಣ ಎಲೆಗಳನ್ನು ಕಾಲಿನಿಂದ ಬದಿಗೆ ಸರಿಸಿದೆ.

"ಮಾರ್ಟಿನ್ ದಿನ ಎಲ್ಲರ ಎದುರು ಅವಳು ನಗೆಪಾಟಲಾದ್ರೆ ಮಾರನೇ ದಿನ ಊರಿಗೆ ವಾಪಸ್ ಹೋಗ್ತಾಳೆ. ಅವಳು ಹೋದ್ರೆ ನಾನೂ ಹೋಗ್ತೀನಿ. ತೋಟ ಅಣ್ಣನ ಮಗನಿಗೆ ಬಿಟ್ಕೊಡ್ತೀನಿ. ತಮಾಷೆಗೆ ಹೇಳ್ತಿಲ್ಲ."

"ಕಲ್ಲಿದ್ದಲ ಊರಲ್ಲಿ ಏನು ಕುಡೀತೀಯೋ, ಮಸಿನಾ?"

ನಗಬೇಡ ಎಂದವನು ತಾನೂ ನಗಲಿಲ್ಲ. ಹೋಗುವಾಗ ನನ್ನ ಹೆಗಲ ಮೇಲೆ ಕೈ ಇಟ್ಟ. ಕೈಯಿಂದ ಸೋಪಿನ ವಾಸನೆ ಬಂತು. ಲ್ಯಾವೆಂಡರ್ ಸೋಪು. ಡೀಸೆಲ್ ವಾಸನೆಯ ಕೈ ಅದು ಒಂದು ಕಾಲದಲ್ಲಿ.

ನವೆಂಬರ್ 5, ಸೋಮವಾರ

ಹೊಲಸಿನ ಮೊದಲ ಕಂತು ಬಂದು ಬಿದ್ದಿದೆ.

ಗೋಣಿ. ಆಲೂಗಡ್ಡೆಯ ಗೋಣಿಚೀಲ ಬಿಚ್ಚಿ, ಅಂಚು ಹೊಲಿದು, ಮೇಜಿನ ಉದ್ದಕ್ಕೂ ಹಾಸಿದ್ದಾಳೆ. ಪೇಪರು ಕೊಳಕಂತೆ, ಗೋಣಿ ಸೊಬಗಂತೆ. ಅದರ ಮೇಲೆ ಕಾಡಿನಿಂದ ತಂದ ಪಾಚಿ. ಪಾಚಿಯಿಂದ ಒಂದು ಬಸವನಹುಳು ಹೊರಟು, ಉಪ್ಪಿನ ಬಟ್ಟಲಿನತ್ತ ಪ್ರಯಾಣ ಬೆಳೆಸಿತ್ತು. ಆತ್ಮಹತ್ಯೆಗೆ ಹೊರಟಿದ್ದಿರಬೇಕು, ನನಗೆ ಅದರ ಮೇಲೆ ಪೂರ್ತಿ ಸಹಾನುಭೂತಿ. ಕಿತ್ತಳೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಒಣಗಿಸಿ ದಾರಕ್ಕೆ ಪೋಣಿಸಿದ್ದಾಳೆ, ಮುದುಕರ ಕಿವಿ ಕೊಯ್ದು ಹಾರ ಮಾಡಿದ ಹಾಗಿದೆ. ದಾಲ್ಚಿನ್ನಿ ವಾಸನೆಯ ಮೇಣದಬತ್ತಿ ಬೇರೆ. ಅದರ ಹೊಗೆ ಕುಡಿದರೆ ಹೆಬ್ಬಾತಿನ ಮಾಂಸ ತಿಂದೆವೋ ಬಿಸ್ಕತ್ತು ತಿಂದೆವೋ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಮೇಲೆ ಪುಟ್ಟ ಪುಟ್ಟ ಕುಂಬಳಕಾಯಿ. ತಿನ್ನುವ ಪದಾರ್ಥಕ್ಕೆ ಬಂಗಾರದ ಬಣ್ಣ ಬಳಿದಿದ್ದಾಳೆ!

"ಬಣ್ಣ ಎಲ್ಲಿಂದ ತಂದ್ರಿ?" ಎಂದೆ.

"ಪ್ತುಯ್."

"ಪ್ತುಯ್," ಎಂದೆ ನಾನೂ.

ಅವಳು ಪೇಟೆಯ ಹೆಸರು ಹೇಳಿದ್ದು. ನಾನು ಉಗುಳಿದ್ದು. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಆ ಊರು ಇಷ್ಟು ಚೆನ್ನಾಗಿ ಉಪಯೋಗಕ್ಕೆ ಬಂದಿರಲಿಲ್ಲ.

ಅವಳು ಹೋದ ಮೇಲೆ ನನ್ನ ಹಳೆಯ ಹಲ್ಲಿನ ಸೆಟ್ಟು, ಮುಂದಿನ ಎರಡು ಮುರಿದದ್ದು, ಹುಡುಕಿ ತೆಗೆದು ಎರಡು ಬಂಗಾರದ ಕುಂಬಳಕಾಯಿಗಳ ನಡುವೆ ಪಾಚಿಯಲ್ಲಿ ಹುದುಗಿಸಿ ಇಟ್ಟೆ. ನಾಳೆ ಕಿರುಚುವುದನ್ನು ಕೇಳಲು ಬಾಗಿಲ ಹತ್ತಿರವೇ ಸೌದೆ ಒಡೆಯುವುದೆಂದು ತೀರ್ಮಾನಿಸಿದ್ದೇನೆ. ಅಲಂಕಾರ ಮಾಡಿದವರ ಅಹಂಕಾರಕ್ಕೆ ಒಂದು ಕಚ್ಚು.

ನವೆಂಬರ್ 6, ಮಂಗಳವಾರ

ಸೌದೆ ಒಡೆದೆ. ಕಿರುಚಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಸೌದೆ ಆಯಿತು.

ಪೋಲ್ಡೆ ಬಂದಿದ್ದ, ಕುಂಟುತ್ತ. ಎದುರು ಇಳಿಜಾರಿನವನು. ಅವನ ಹೆಂಡತಿ ಮಿಲ್ಕಾ, ಅವನು, ಲುಡ್ವಿಕ್, ನಾನು, ಪ್ರತಿ ವರ್ಷದ ಮಾರ್ಟಿನ್ ಊಟಕ್ಕೆ ಇಷ್ಟೇ ಜನ. ಪೋಲ್ಡೆ ಬಂದರೆ ಮಾತು ಒಂದೇ, ಅವನ ಕೊನೆಯ ಮೂರು ಸಾಲು. ಸೆಪ್ಟೆಂಬರಿನಲ್ಲಿ ಎಲ್ಲರೂ ಕೊಯ್ಲು ಮುಗಿಸಿದರೂ ಅವನು ಆ ಮೂರು ಸಾಲು ಶಿಪೊನ್ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಬಿಡುತ್ತಾನೆ. ಚಳಿ ಏರಿ ಹಣ್ಣು ಕಲ್ಲಾಗಿ ಹೆಪ್ಪುಗಟ್ಟಿದ ಬೆಳಗಿನ ಜಾವ ಕೊಯ್ದು ಹಿಂಡುತ್ತಾನೆ. ಜೇನಿನಂಥ ವೈನು. ಪ್ರತಿ ವರ್ಷ ಅದಕ್ಕೊಂದು ಪದಕ.

"ಈ ಸಲ ಬಂಗಾರದ್ದೇ," ಎಂದ.

"ತಿಲ್ಕಾ ಹತ್ರ ಡಬ್ಬಿ ಇದೆ, ಬಳಿಸ್ಕೋ," ಎಂದೆ.

"ನಿನ್ನ ಬಾಯಿಗೆ ಹುಳ ಬೀಳ! ದಿನಾ ಬೆಳಿಗ್ಗೆ ಹೋಗಿ ನೋಡ್ಕೊಂಡು ಬರ್ತೀನಿ ಕಣೋ, ಮಗುವಿಗೆ ಜ್ವರ ಇಳಿದಿದೆಯಾ ಅಂತ ನೋಡಿದ ಹಾಗೆ."

ಎಲ್ಲರೂ ಬಲೆ ಹಾಕುತ್ತಾರೆ, ಇವನು ಹಾಕುವುದಿಲ್ಲ. ಹಕ್ಕಿ ಓಡಿಸಲು ಕಂಬದ ಮೇಲೆ ಇಟ್ಟ ಅವನ ಮರದ ಗಿರಿಗಿಟ್ಲೆ ಖಟಖಟ ಎನ್ನುತ್ತಿದ್ದರೆ ಸಾಕಂತೆ. ಒಮ್ಮೆ ನಾನು ಆ ಗಿರಿಗಿಟ್ಲೆಗೆ ಮಿಲ್ಕಾಳ ಒಳಲಂಗ ಕಟ್ಟಿದ್ದೆ. ಗಾಳಿಗೆ ಊರೆಲ್ಲ ನೋಡಿತು. ಅವತ್ತಿನಿಂದ ಈ ಗುಡ್ಡದಲ್ಲಿ ಏನು ಕೆಟ್ಟರೂ ಮೊದಲು ನನ್ನ ಹೆಸರು.

ನವೆಂಬರ್ 7, ಬುಧವಾರ

ಹಲ್ಲು ಸಿಕ್ಕಿತು. ಅಂದರೆ ಅವಳಿಗೆ ಮೊದಲೇ ಸಿಕ್ಕಿತ್ತು, ನನಗೆ ಇವತ್ತು ಸಿಕ್ಕಿತು. ಎಲ್ಲರ ತಟ್ಟೆಯ ಮುಂದೆ ಒಂದೊಂದು ಒಣ ದ್ರಾಕ್ಷಿ ಎಲೆ, ಅದರ ಮೇಲೆ ಹೆಸರು. ನನ್ನ ತಟ್ಟೆಯ ಮುಂದೆ ಎಲೆ ಇಲ್ಲ. ನನ್ನ ಹಲ್ಲಿನ ಸೆಟ್ಟು, ಬಂಗಾರದ ಬಣ್ಣ ಬಳಿದು, ಪಾಚಿಯ ದಿಂಬಿನ ಮೇಲೆ.

"ನಿಮಗೆ ಹೆಸರು ಬರೆಯೋದು ದಂಡ ಅನ್ನಿಸ್ತು ಯೆರ್ನೆಯವರೇ," ಎಂದಳು, ಮುಖ ಅಲ್ಲಾಡಿಸದೆ. "ನೋಡಿದ ತಕ್ಷಣ ಎಲ್ಲರಿಗೂ ಗೊತ್ತಾಗುತ್ತೆ ಯಾರ ಜಾಗ ಅಂತ."

ಹೇಸಿಗೆಯಾಯಿತು. ಊಟದ ಮೇಜಿನ ಮೇಲೆ ಹಲ್ಲು ಇಡುವುದೆಂದರೆ ಏನು, ಯಾವ ಸಂಸ್ಕಾರ ಇದು? ಮುರಿದ ಎರಡು ಹಲ್ಲಿನ ಜಾಗಕ್ಕೆ ಎರಡು ಕುಂಬಳದ ಬೀಜ ಅಂಟಿಸಿದ್ದಾಳೆ. ನನ್ನ ಬಾಯಲ್ಲಿದ್ದಾಗ ಅದು ಇಷ್ಟು ಲಕ್ಷಣವಾಗಿ ಇರಲಿಲ್ಲ. ಸಂಜೆ ಇನ್ನೊಮ್ಮೆ ಹೋಗಿ ನೋಡಿದೆ, ಬೀಜ ಗಟ್ಟಿಯಾಗಿ ಅಂಟಿದೆಯೋ ಇಲ್ಲವೋ ಎಂದು.

ಮಿಲ್ಕಾ ಒಣರೊಟ್ಟಿ ತಂದಿಟ್ಟು ಹೋದಳು. ಹೆಬ್ಬಾತು ಹುರಿದ ಕೊಬ್ಬಿನಲ್ಲಿ ಆ ರೊಟ್ಟಿ ಚೂರು ನೆನೆಸದಿದ್ದರೆ ಅದು ಮಾರ್ಟಿನ್ ಊಟವೇ ಅಲ್ಲ. ತಿಲ್ಕಾ ಅವಳನ್ನು ಕೇಳಿದಳು: "ಮೇಜಿನ ನಡುವೆ ದ್ರಾಕ್ಷಿ ಗೊನೆ ಇದ್ರೆ ಚೆನ್ನಾಗಿರ್ತಿತ್ತು. ಈಗೆಲ್ಲಿ ಸಿಗುತ್ತೆ?"

"ಅಯ್ಯೋ, ಕೊಯ್ಲು ಆದ್ಮೇಲೆ ಬಳ್ಳೀಲಿ ಉಳಿದಿದ್ದು ಕೈಗೆ ಸಿಕ್ಕಿದವರದ್ದು," ಎಂದಳು ಮಿಲ್ಕಾ. "ಯಾರ ತೋಟ ಅಂತ ನೋಡೋ ಹಾಗಿಲ್ಲ. ನಮ್ಮಜ್ಜಿ ಹಾಗೇ ಒಂದು ಬುಟ್ಟಿ ಆಯ್ತಿದ್ಲು. ಅಲ್ಲೊಂದು ಇಲ್ಲೊಂದು ಇರುತ್ತೆ, ಹೋಗಿ ನೋಡಿ."

ಮಿಲ್ಕಾ ಹೇಳಿದ್ದು ಸರಿಯೇ. ಚಳಿಗೆಂದು ಬಿಟ್ಟ ಸಾಲಿನ ಮಾತು ಅವಳು ಎತ್ತಲಿಲ್ಲ. ಈ ಗುಡ್ಡದಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಬೇರೆ ಕಡೆ ಹುಟ್ಟಿದವರು ನಮ್ಮ ನಡುವೆ ಇದ್ದಾರೆಂಬುದೇ ಅವಳ ನೆನಪಿಗೆ ಬರಲಿಲ್ಲ.

ನವೆಂಬರ್ 8, ಗುರುವಾರ

ಕೈವಸ್ತ್ರಗಳನ್ನು ಹೆಬ್ಬಾತಿನ ಆಕಾರಕ್ಕೆ ಮಡಿಸಿದ್ದಾಳೆ, ಕೊಕ್ಕು ಸಮೇತ. ತಿನ್ನುವುದೂ ಹೆಬ್ಬಾತು, ಬಾಯಿ ಒರೆಸುವುದೂ ಹೆಬ್ಬಾತು. ವಾಕರಿಕೆ.

ಹೇಗೆ ಮಡಿಸುವುದೆಂದು ತೋರಿಸಿಕೊಟ್ಟಳು, ಬೇಡ ಬೇಡ ಅಂದರೂ. ನಾನು ಮಡಿಸಿದ್ದು ಹಂದಿಯ ಹಾಗಾಯಿತು. ಅದನ್ನು ಪೋಲ್ಡೆಯ ತಟ್ಟೆಯಲ್ಲಿ ಇಡೋಣ ಎಂದಳು. ಇಟ್ಟೆವು.

ನವೆಂಬರ್ 10, ಶನಿವಾರ

ಸಂಜೆಯ ಬೆಳಕು ಸಣ್ಣ ಕಿಟಕಿಯಿಂದ ಬರುವ ಹೊತ್ತಿಗೆ ಅವಳು ನನ್ನನ್ನು ಒಳಗೆ ಕರೆದಳು. "ಲುಡ್ವಿಕ್‌ಗೂ ತೋರಿಸಿಲ್ಲ. ನೀವೇ ಮೊದಲು," ಎಂದಳು.

ಮೇಜಿನ ಈ ತುದಿಯಿಂದ ಆ ತುದಿಗೆ ಒಂದು ದ್ರಾಕ್ಷಿ ಬಳ್ಳಿ ಹರಿದಿತ್ತು. ಎಲ್ಲಿಯೂ ದಾರ ಕಾಣುತ್ತಿರಲಿಲ್ಲ. ಬಳ್ಳಿಯ ತುಂಬ ಗೊನೆ, ಒಂದರ ಮೇಲೊಂದು ಹೇರಿದ್ದಲ್ಲ, ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ ಹಾಗೆ. ಹಣ್ಣಿನ ಸಿಪ್ಪೆ ತೆಳುವಾಗಿ ಜೇನಿನ ಬಣ್ಣಕ್ಕೆ ತಿರುಗಿ ಒಳಗಿನ ಬೀಜ ಕಾಣುತ್ತಿತ್ತು. ಆ ಬೆಳಕು, ಆ ಗೋಣಿ, ಅದರ ಮೇಲೆ ಆ ಬಂಗಾರ. ಅಸಹ್ಯ. ಅಸಹ್ಯವೆಂದೇ ಬರೆಯುತ್ತೇನೆ, ಬೇರೆ ಪದ ಹುಡುಕಲು ಹೋಗುವುದಿಲ್ಲ.

ನೋಡಿದ ಕೂಡಲೇ ಗುರುತು ಸಿಕ್ಕಿತು. ನವೆಂಬರಿನಲ್ಲಿ ಇಂಥ ಶಿಪೊನ್ ಈ ಗುಡ್ಡದಲ್ಲಿ ಒಬ್ಬನ ಬಳ್ಳಿಯಲ್ಲಿ ಮಾತ್ರ ಇರುತ್ತದೆ. ಪೋಲ್ಡೆಗೆ ಇನ್ನೂ ಗೊತ್ತಿಲ್ಲ. ಪಾದದ ಕೀಲು ಊದಿ ಎರಡು ದಿನದಿಂದ ಮಲಗಿದ್ದಾನೆ. ನಾಳೆ ಹೆಬ್ಬಾತಿಗಾಗಿ ತೆವಳಿಕೊಂಡಾದರೂ ಬರುತ್ತಾನೆ. ಬಂದು ಇದನ್ನು ನೋಡುತ್ತಾನೆ. ಆಗ ಅವನ ಬಾಯಿಂದ ಬರುವುದನ್ನು ಈ ಇಳಿಜಾರು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತದೆ. ಇಂಥದೊಂದು ತಮಾಷೆ ನಾನು ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ.

"ಹೇಗಿದೆ?" ಎಂದಳು.

"ಪ್ತುಯ್‌ನಲ್ಲಿ ಇಟ್ಟಿದ್ರೆ ಜನ ನಿಂತು ನೋಡ್ತಿದ್ರು," ಎಂದೆ.

"ಜೀವಮಾನವೆಲ್ಲ ಜನ ನಿಂತು ನೋಡೋದನ್ನೇ ಮಾಡಿದೀನಿ," ಎಂದಳು. "ಗಾಜಿನ ಆಚೆ ನಿಂತು ನೋಡ್ತಾರೆ, ಹೋಗ್ತಾರೆ. ನಾನು ಜೋಡಿಸಿದ ಮೇಜಿಗೆ ಒಬ್ಬರಾದ್ರೂ ಕೂತು ಉಂಡಿದ್ದಿಲ್ಲ. ತಟ್ಟೇಲಿದ್ದ ಕೋಳಿ ಪ್ಲಾಸ್ಟಿಕ್ಕಿಂದು. ನಾಳೆ ನಿಜವಾಗ್ಲೂ ಜನ ಕೂತ್ಕೋತಾರೆ ಅಂತ ನೆನೆಸ್ಕೊಂಡ್ರೆ ನಂಬೋಕೇ ಆಗಲ್ಲ."

ಕೈ ಚಾಚಿ ಒಂದು ಕೈವಸ್ತ್ರವನ್ನು ಕೂದಲೆಳೆಯಷ್ಟು ಸರಿಸಿದಳು. ಬೆರಳಿನ ಸಂದಿಯಲ್ಲಿ ಬಂಗಾರದ ಬಣ್ಣ.

ಎದೆಯುರಿ. ಕೆಂಪು ಕೋಸು ರುಚಿ ನೋಡಿದ್ದು ಜಾಸ್ತಿಯಾಯಿತೆಂದು ಕಾಣುತ್ತದೆ.

ನವೆಂಬರ್ 11, ಭಾನುವಾರ. ಮಾರ್ಟಿನ್.

ಸಾವಕಾಶವಾಗಿ ಬರೆಯುತ್ತೇನೆ. ತಲೆಯಲ್ಲಿ ಇನ್ನೂ ಹೆಬ್ಬಾತಿನ ಕೊಬ್ಬಿದೆ, ಒಳಗಲ್ಲ, ಕೂದಲಲ್ಲಿ.

ಮಧ್ಯಾಹ್ನಕ್ಕೆ ಎಲ್ಲ ಸಿದ್ಧ. ಮಾರ್ಟಿನ್ ದಿನದವರೆಗೆ ಪೀಪಾಯಿಯಲ್ಲಿರುವುದು ಬರೀ ಕಲಕಿದ ದ್ರಾಕ್ಷಿರಸ. ಬಿಷಪ್ ಬಂದು ಅದರ ಪಾಪವನ್ನೆಲ್ಲ ವಿಚಾರಿಸಿ ಜ್ಞಾನಸ್ನಾನ ಮಾಡಿಸಿದ ಮೇಲೆಯೇ ಅದು ವೈನು. ಆ ಬಿಷಪ್ ಪ್ರತಿ ವರ್ಷ ನಾನೇ. ಲಿಂಬೆ ಹೂವಿನ ಹಳೇ ಕಿಟಕಿ ಪರದೆ ಹೊದ್ದು, ರಟ್ಟಿನ ಉದ್ದ ಟೋಪಿ ಇಟ್ಟು, ಪೊರಕೆಯನ್ನು ದಂಡದ ಹಾಗೆ ಹಿಡಿದು ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದೆ. ತಿಲ್ಕಾ ಹೊಸ ಕಾಲರಿನ ಉಡುಪು ಹಾಕಿಕೊಂಡು ಒಲೆಯ ಹತ್ತಿರ ನಿಂತಿದ್ದಳು. ಯಾರೂ ಮುಟ್ಟದ ಒಂದು ಚಮಚವನ್ನು ಮೂರು ಸಲ ನೆಟ್ಟಗೆ ಮಾಡಿದಳು.

ಲುಡ್ವಿಕ್ ಮೊದಲು ಬಂದ. ದ್ರಾಕ್ಷಿ ನೋಡಿದ. ಮುಖ ಗೋಡೆಯ ಸುಣ್ಣದ ಹಾಗಾಯಿತು. ನನ್ನನ್ನು ನೋಡಿದ. ಅವನು ಬಾಯಿ ತೆರೆಯುವುದರೊಳಗೆ ಹಿಂದೆಯೇ ಪೋಲ್ಡೆ, ಕೋಲೂರಿಕೊಂಡು, ಅವನ ಹಿಂದೆ ಮಿಲ್ಕಾ, ಹೆಬ್ಬಾತಿನ ತಟ್ಟೆ ಹಿಡಿದು.

"ಇದೇನೇ ಇದು, ತಿನ್ನೋದಾ, ಒರೆಸೋದಾ?" ಪೋಲ್ಡೆ ತನ್ನ ತಟ್ಟೆಯ ಹಂದಿಯನ್ನು ಎತ್ತಿ ಹಿಡಿದ.

"ನಿನಗೆ ಎರಡೂ ಒಂದೇ ಅಲ್ವಾ," ಎಂದಳು ಮಿಲ್ಕಾ. ತಟ್ಟೆ ಇಳಿಸಿದವಳು ಮೇಜು ನೋಡಿ ಕೈ ಎದೆಗಿಟ್ಟುಕೊಂಡಳು. "ಅಮ್ಮಾ ತಾಯೀ! ನನ್ನ ಮದ್ವೇಲೂ ಇಷ್ಟು ಚೆಂದ ಇರ್ಲಿಲ್ಲ."

ತಿಲ್ಕಾ ಕೆಂಪಾದಳು. ಅಷ್ಟು ಹೊತ್ತಿಗೆ ಪೋಲ್ಡೆಯ ಕೈ ಒಂದು ಗೊನೆಯ ಕೆಳಗೆ ಹೋಗಿತ್ತು. ಎತ್ತಲಿಲ್ಲ, ಸುಮ್ಮನೆ ಅಂಗೈಯಲ್ಲಿ ತೂಗಿದ. ಒಂದು ಹಣ್ಣು ಬಿಡಿಸಿ ಬಾಯಿಗೆ ಹಾಕಿದ. ಅಗಿಯುವುದನ್ನು ನಿಲ್ಲಿಸಿದ.

"ಇದು ಎಲ್ಲಿಂದ ಬಂತು?"

"ಅಲ್ಲಿ ಕೆಳಗಡೆ..." ತಿಲ್ಕಾ ನಗುತ್ತಲೇ ಶುರು ಮಾಡಿದಳು.

ಪೊರಕೆಯನ್ನು ನೆಲಕ್ಕೆ ಕುಟ್ಟಿದೆ. "ಸುಮ್ಮನಿರಿ ಎಲ್ಲಾ! ರಸದ ಪಾಪ ಆಮೇಲೆ. ಈ ವರ್ಷ ಮೊದಲು ಬಿಷಪ್ಪರದ್ದೇ ಪಾಪನಿವೇದನೆ. ಪೋಲ್ಡೆ, ನಿನ್ನ ಕೊನೇ ಮೂರು ಸಾಲು ಕೊಯ್ದವನು ನಾನು."

"ನೀನು?"

"ನಾನೇ. ಶುಕ್ರವಾರ ಬೆಳಿಗ್ಗೆ. ಕೆಳಗಿನ ತುದಿಯಿಂದ ಶುರು ಮಾಡಿ ಮೇಲಿನವರೆಗೆ. ಒಂದು ಗೊನೆ ಬಿಡ್ಲಿಲ್ಲ. ನನ್ನ ತೋಟದ್ದು ಅಂತ ಇವಳಿಗೆ ಕೊಟ್ಟೆ. ಪಾಪ, ನಂಬಿದ್ಲು."

ನಂಬಲು ಒಬ್ಬನಿಗೂ ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕಾಗಲಿಲ್ಲ. ಯಾಕೆ ಎಂದು ಕೂಡ ಒಬ್ಬರೂ ಕೇಳಲಿಲ್ಲ. ಲುಡ್ವಿಕ್ ಕೂಡ ಉಸಿರು ಬಿಟ್ಟ, ಹೌದಲ್ಲ, ಇವನಲ್ಲದೆ ಇನ್ಯಾರು ಎನ್ನುವ ಹಾಗೆ. ಅದೊಂದು ಸ್ವಲ್ಪ ಹೇಸಿಗೆಯೆನಿಸಿತು.

"ಇಲ್ಲ ಪೋಲ್ಡೆಯವರೇ," ಎಂದಳು ತಿಲ್ಕಾ. "ಅದು ಹಾಗಲ್ಲ, ನಾನು..."

ಪರದೆಯ ಮರೆಯಲ್ಲಿ ಅವಳ ಪಾದ ತುಳಿದೆ. ಚೆನ್ನಾಗಿಯೇ ತುಳಿದೆ. "ನೋಡಿ, ನನ್ನ ಮೇಲೆ ಕನಿಕರ ಇವಳಿಗೆ. ಸುಳ್ಳು ಹೇಳಿ ಉಳಿಸೋಕೆ ನೋಡ್ತಾಳೆ. ವೆಲೆನ್ಯೆಯವರು ಒಳ್ಳೇ ಜನ, ಸುಳ್ಳು ಮಾತ್ರ ಬರಲ್ಲ."

ಪೋಲ್ಡೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬಾಗಿಲಿನವರೆಗೆ ಹೋದ, ಎದುರು ಇಳಿಜಾರಿನ ಕಡೆ ನೋಡಿದ, ವಾಪಸು ಬಂದ.

"ಕಾಲು ಹೀಗಾಗಿದ್ದಕ್ಕೆ ಎರಡೇ ದಿನ ಹೋಗ್ಲಿಲ್ಲ ಕಣೋ," ಎಂದ. ದನಿ ತುಂಬ ಮೆಲ್ಲಗಿತ್ತು. "ನಿನಗೆ ಎಲ್ಲಾ ಆಟ."

ಕೈ ಎತ್ತಿ ನನ್ನ ತಲೆಯ ಮೇಲಿನ ಬಿಷಪ್ ಟೋಪಿ ತೆಗೆದ. "ಇನ್ಮೇಲೆ ಇದು ನಿನ್ನ ತಲೆ ಮೇಲೆ ಕಾಣಬಾರದು. ಈ ವರ್ಷ ಅಲ್ಲ, ಬರೋ ವರ್ಷಾನೂ ಅಲ್ಲ."

"ಹಾಗಾದ್ರೆ ರಸ ರಸವಾಗೇ ಇರ್ಲಾ?"

"ನಾನು ಮಾಡ್ತೀನಿ."

ಮಾಡಿದ. ಕರೆಂಟ್ ಬಿಲ್ಲು ಓದಿದ ಹಾಗೆ ಮಾಡಿದ. ರಸದ ಪಾಪಗಳಲ್ಲಿ ಅರ್ಧ ಮರೆತ. ತಲೆನೋವು ತರಿಸಿದ್ದು, ಅಳಿಯನನ್ನು ಹಾಡಿಸಿದ್ದು, ಪಾದ್ರಿಯನ್ನು ಚರಂಡಿಗೆ ಕೆಡವಿದ್ದು, ಇಂಥ ಒಳ್ಳೊಳ್ಳೆಯ ಪಾಪಗಳನ್ನೇ ಬಿಟ್ಟ. ನಾನು ಮೂಲೆಯಲ್ಲಿ ಪರದೆ ಹೊದ್ದು ಕೂತಿದ್ದೆ, ಟೋಪಿ ಇಲ್ಲದ ಬಿಷಪ್, ಬರೀ ಕಿಟಕಿ. ನಾಲಗೆ ತುರಿಸುತ್ತಿತ್ತು. ಕಚ್ಚಿಕೊಂಡೆ.

ಊಟ ಶುರುವಾಯಿತು. ಹೆಬ್ಬಾತು ಕೊಯ್ದು ಬಡಿಸಿದವನು ಪೋಲ್ಡೆ. ನನ್ನ ತಟ್ಟೆಗೆ ಅದರ ಬಾಲದ ಬುಡ ಬಂತು, ಅಷ್ಟೇ. ರೊಟ್ಟಿ ಚೂರಿನ ಪಾತ್ರೆ ನನ್ನ ತಲೆಯ ಮೇಲಿಂದ ದಾಟಿಸುವಾಗ ಅವನ ಕೈ ವಾಲಿತು. ಬೇಕೆಂದೇ ವಾಲಿತು. ಕೊಬ್ಬು ಕಿವಿಯ ಹಿಂದೆ ಇಳಿಯಿತು. ಮಿಲ್ಕಾ ಬಾಯಿಗೆ ಹೆಬ್ಬಾತು ಕೈವಸ್ತ್ರ ಒತ್ತಿ ಹಿಡಿದಳು, ತಡೆಯಲಾಗಲಿಲ್ಲ, ನಕ್ಕಳು. ಲುಡ್ವಿಕ್ ನಕ್ಕ. ಆಮೇಲೆ ಪೋಲ್ಡೆಗೂ ತಡೆಯಲಾಗಲಿಲ್ಲ. ತಿಲ್ಕಾ ಒಬ್ಬಳು ನಗಲಿಲ್ಲ.

ಹಣ್ಣು ಹಾಳಾಗಬಾರದೆಂದು ಪೋಲ್ಡೆ ಊಟದ ಕೊನೆಗೆ ತನ್ನದೇ ಗೊನೆಗಳನ್ನು ಒಂದೊಂದೇ ಹಣ್ಣು ಬಿಡಿಸಿ ತಿಂದ. ಎಲ್ಲರಿಗೂ ಹಂಚಿದ. ನನಗೆ ಕೊಡಲಿಲ್ಲ. ತಿನ್ನುತ್ತ ತಿನ್ನುತ್ತ ಬಳ್ಳಿಯನ್ನು ಬೆರಳಿನಿಂದ ಎತ್ತಿ ನೋಡಿದ.

"ಇದನ್ನ ಹೇಗೆ ಕಟ್ಟಿದ್ರಿ ತಿಲ್ಕಾ? ಗಂಟೇ ಕಾಣಲ್ವಲ್ಲ."

ಹೆಸರು ಹಿಡಿದು ಕರೆದ. ಕರೆದದ್ದು ಅವನಿಗೇ ಗೊತ್ತಾಗಲಿಲ್ಲ. ಅವಳು ತೋರಿಸಿದಳು, ಬಳ್ಳಿಯ ಕುಡಿಯಿಂದಲೇ ಬಳ್ಳಿ ಕಟ್ಟುವುದು ಹೇಗೆ ಎಂದು. ಪೋಲ್ಡೆ ತಲೆಯಾಡಿಸಿದ. "ಬೆರಳು ಚೆನ್ನಾಗಿದೆ ನಿಮ್ಮದು. ಫೆಬ್ರವರಿಗೆ ಬಳ್ಳಿ ಕಟ್ಟೋಕೆ ಬನ್ನಿ, ಮಿಲ್ಕಾ ಕೈ ಕತ್ತೆ ಕಟ್ಟಿದ ಹಾಗೆ ಕಟ್ಟುತ್ತೆ."

"ಕತ್ತೇನ ನಲವತ್ತು ವರ್ಷ ಕಟ್ಟಿ ಅಭ್ಯಾಸ," ಎಂದಳು ಮಿಲ್ಕಾ.

ಲುಡ್ವಿಕ್ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡ. ಮತ್ತೆ ಅದೇ ನೀಲಿ ಗೆರೆಯದ್ದು. ನನಗೆ ಮುಖ ತಿರುಗಿಸಬೇಕಾಯಿತು.

ಅವರೆಲ್ಲ ಎದ್ದು ಹೊರಟಾಗ ಪೋಲ್ಡೆ ಮಾತ್ರ ನನಗೆ ಹೋಗಿಬರ್ತೀನಿ ಎನ್ನಲಿಲ್ಲ. ಟೋಪಿ ಅವನ ಕಂಕುಳಲ್ಲಿತ್ತು.

ನವೆಂಬರ್ 12, ಸೋಮವಾರ

ಮೇಜು ಬಿಚ್ಚಲು ತಿಲ್ಕಾ ಬಂದಳು. ಗೋಣಿಯ ಮೇಲೆ ಕೊಬ್ಬಿನ ಕಲೆ, ಪಾಚಿಯಲ್ಲಿ ಮೂಳೆ, ಬಂಗಾರದ ಕುಂಬಳಕಾಯಿಗೆ ಕೆಂಪು ಕೋಸಿನ ರಸ. ಈಗ ನಿಜವಾಗಿ ಅಸಹ್ಯವಾಗಿತ್ತು, ಮನೆ ಮನೆಯ ಹಾಗೆ ಕಾಣುತ್ತಿತ್ತು. ಇದನ್ನು ಅವಳಿಗೆ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ.

ಕಿಟಕಿಗೆ ಹೊಸ ಪರದೆ ಬೇಕು, ಹಳೆಯದು ಬಿಷಪ್ಪರ ಬೆವರು ಹಿಡಿದು ನಾರುತ್ತಿದೆ ಎಂದಳು. ಲುಡ್ವಿಕ್ ಚಳಿಗಾಲಕ್ಕೆ ಸೌದೆ ತರಿಸಿದ್ದಾನಂತೆ, ಎರಡು ಒಲೆಗೆ ಆಗುವಷ್ಟು. ಅಂದರೆ ಇಲ್ಲೇ. ಸೌದೆ ನನ್ನ ಹತ್ತಿರವೂ ಜಾಸ್ತಿ ಇದೆ.

ಆಮೇಲೆ ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನನ್ನ ಎದುರು ಕೂತಳು.

"ಯೆರ್ನೆ, ನೀನು ಯಾಕೆ ಹಾಗೆ ಹೇಳಿದೆ?"

"ಬಿಷಪ್ಪರ ಹತ್ರ ಈ ವರ್ಷ ಪಾಪದ ದಾಸ್ತಾನು ಕಡಿಮೆ ಇತ್ತು."

"ಲುಡ್ವಿಕ್‌ಗೆ ಎಲ್ಲಾ ಹೇಳಿದೀನಿ. ಬೆಳಿಗ್ಗೆ ಎದ್ದು ನಿನಗೆ ಅಂತ ಹೆಬ್ಬಾತಿನ ತೊಡೆ ಕಟ್ಟಿ ಕಳಿಸಿದಾನೆ, ತಗೋ. ಪೋಲ್ಡೆಗೂ ಹೇಳ್ತೀನಿ. ನಿನ್ನ ಟೋಪಿ ನಿನಗೆ ವಾಪಸ್ ಬರ್ಬೇಕು."

"ಹೇಳ್ಬೇಡ."

"ಯಾಕೆ?"

"ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಅವನಿಗೆ ರೂಢಿ ಇದೆ. ಹೊಸಬರ ಮೇಲೆ ಮಾಡ್ಕೊಂಡ್ರೆ ಅವನ ಕಾಲಿಗೆ ಒಳ್ಳೇದಲ್ಲ."

ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಜೀವನವಿಡೀ ಗಾಜಿನ ಆಚೆಯವರ ಮುಖ ನೋಡಿ ಅಭ್ಯಾಸವಾದ ಕಣ್ಣು ಅದು.

"ಒಂದು ಮಾತ್ರ ಅರ್ಥ ಆಗ್ಲಿಲ್ಲ. ಶುಕ್ರವಾರ ಬೆಳಿಗ್ಗೆ ಅಂದೆ. ಕೆಳಗಿನ ತುದಿಯಿಂದ ಅಂದೆ. ಅದು ನಿಜ. ಆದ್ರೆ ನಾನು ಯಾರಿಗೂ ಹೇಳಿರ್ಲಿಲ್ಲ. ನಿನಗೆ ಹೇಗೆ ಗೊತ್ತಾಯ್ತು?"

"ಸೋಮಾರಿಗಳೆಲ್ಲ ಕೆಳಗಿಂದಲೇ ಶುರು ಮಾಡೋದು," ಎಂದೆ. "ಗುಡ್ಡ ಹತ್ತಬೇಕಲ್ಲ ಇಲ್ಲದಿದ್ರೆ."

ಈಗ ನಕ್ಕಳು. ನಕ್ಕು ನನ್ನ ಕೈ ತಟ್ಟಿ ಎದ್ದಳು. ಹೋಗುವಾಗ ಬಾಗಿಲಲ್ಲಿ ತಿರುಗಿ, ನಾಳೆ ಅವರ ಮನೆಗೆ ಊಟಕ್ಕೆ ಬರಬೇಕೆಂದಳು. ಪೇಪರು ಹಾಸುತ್ತಾಳಂತೆ, ನನ್ನ ಮರ್ಯಾದೆಗೆ.

ತೊಡೆ ತಿನ್ನಲಾಗಲಿಲ್ಲ. ಬಿಚ್ಚಿ ನೋಡಿ ಮತ್ತೆ ಕಟ್ಟಿಟ್ಟೆ.

ಈ ಪುಸ್ತಕದಲ್ಲಿ ಶುಕ್ರವಾರದ ಪುಟ ಇಲ್ಲ, ಬರೆಯಲಿಲ್ಲ. ಬರೆಯುತ್ತೇನೆ. ನಾನು ಆವತ್ತು ಬೆಳಿಗ್ಗೆ ಪೋಲ್ಡೆಯ ಸಾಲುಗಳ ಕೆಳತುದಿಯ ದಾರಿಯಲ್ಲಿ ನಿಂತಿದ್ದೆ. ಮಂಜೂ ಇರಲಿಲ್ಲ. ಅವಳು ಬುಟ್ಟಿ ಇಳಿಸಿ ಕತ್ತರಿ ತೆಗೆದಳು. ಮೊದಲ ಗೊನೆಗೆ ಕೈ ಹಾಕುವ ಮೊದಲು ನಿಂತು ಸುತ್ತ ನೋಡಿದಳು, ಕೊಯ್ಯಬಹುದೇ ಎಂದು ಯಾರನ್ನಾದರೂ ಕೇಳೋಣ ಎನ್ನುವ ಹಾಗೆ. ನಾನು ಮೆಲ್ಲಗೆ ಕೂಗಿದ್ದರೂ ಅವಳಿಗೆ ಕೇಳಿಸುವಷ್ಟು ಹತ್ತಿರ ಇದ್ದೆ. ಅವಳ ತಲೆ ನನ್ನ ಕಡೆ ತಿರುಗುವುದರೊಳಗೆ ನಾನು ಬೇಲಿಯ ಹಿಂದೆ ಬಗ್ಗಿ ಕೂತೆ.